ಹೆಪ್ಪು

ಕಳೆದ ಯುಗಾದಿಯಂದು ನಮ್ಮ ಮನೆಗೆ ದಾವಣಗೆರೆಯ ಹುಡುಗಿಯೊಬ್ಬಳು ಊಟಕ್ಕೆ ಬಂದಿದ್ದಳು. ಜರ್ಮನಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ನಮ್ಮೂರು ಮ್ಯೂಲ್‌ಹೈಮ್‌ನಲ್ಲಿ ಮೂರು ತಿಂಗಳ ಸಂಶೋಧನಾ ಇಂಟರ್ನ್‌ಶಿಪ್. 1953ರಲ್ಲಿ ಕಾರ್ಲ್ ಜೀಗ್ಲರ್ ಪಾಲಿಥೀನ್ ತಯಾರಿಕೆಯ ವೇಗವರ್ಧಕ ಕಂಡುಹಿಡಿದ ಊರಿದು. ಇವಳ ವಿಷಯ, ಪರಿಸರಸ್ನೇಹಿ ವೇಗವರ್ಧಕಗಳು.

"ಹಾಲಿಗೆ ಹೆಪ್ಪು ಹಾಕಿದ ಹಾಗಾ?" ಎಂದಳು ನನ್ನಾಕೆ.

"ಹೆಚ್ಚುಕಡಿಮೆ ಹಾಗೇ ಆಂಟಿ. ಆದ್ರೆ ಹೆಪ್ಪು ತಾನೂ ಬೆಳೆಯುತ್ತೆ. ನಮ್ಮದು ಕೆಲಸ ಮುಗಿಸಿ, ಇದ್ದ ಹಾಗೇ ಉಳಿಯುತ್ತೆ."

ಮೇಜಿನ ಮೇಲಿದ್ದ ನನ್ನ ಐಬುಪ್ರೊಫೆನ್ ತೋರಿಸಿ ವಿವರಿಸಿದಳು. ಹಳೆಯ ವಿಧಾನದಲ್ಲಿ ಆರು ಹಂತ. ಬಳಸಿದ ಪರಮಾಣುಗಳಲ್ಲಿ ಸುಮಾರು ಶೇ. 40 ಮಾತ್ರ ಔಷಧಿಯಾಗಿ, ಉಳಿದದ್ದು ಕಸ. ಮತ್ತೆ ಮತ್ತೆ ಬಳಸಬಹುದಾದ ವೇಗವರ್ಧಕಗಳು ಬಂದಮೇಲೆ ಮೂರೇ ಹಂತ, ಶೇ. 77. ಇಪ್ಪತ್ತೆಂಟು ವರ್ಷ ಈ ಗುಳಿಗೆ ಬರೆದುಕೊಟ್ಟ ನನಗೆ ಇದು ಗೊತ್ತೇ ಇರಲಿಲ್ಲ!

ಹೊರಡುವಾಗ ಅವಳ ಕಣ್ಣು ತುಂಬಿತು. "ಆರು ವಾರ ಆಯ್ತು ಅಂಕಲ್, ಒಂದು ಪ್ರಯೋಗವೂ ಸರಿಬಂದಿಲ್ಲ. ಸಾಲ ಮಾಡಿ ಕಳಿಸಿದ ಅಪ್ಪಂಗೆ ಏನು ಹೇಳ್ಲಿ?"

ಎಂ.ಡಿ.ಯಲ್ಲಿ ಮೊದಲ ಸಲ ಫೇಲಾದದ್ದನ್ನು ನಾನು ಅಪ್ಪನಿಂದ ಮುಚ್ಚಿಟ್ಟಿದ್ದೆ. ಅವರು ತೀರಿಕೊಳ್ಳುವವರೆಗೂ ಹೇಳಲಾಗಲಿಲ್ಲ. ಅಂದು ಅವಳಿಗೆ ಹೇಳಿದೆ.

ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಆ ತಂದೆ ಅಂದದ್ದಿಷ್ಟೇ: "ಇರ್ಲಿ ಬಿಡವ್ವಾ. ಹಬ್ಬದ ಊಟ ಆತೇನು?"

ನಿಮ್ಮೂರಿನಲ್ಲೂ ಇಂಥ ಮಕ್ಕಳಿರುತ್ತಾರೆ. ಹಬ್ಬಕ್ಕೊಮ್ಮೆ ಊಟಕ್ಕೆ ಕರೆಯಿರಿ.