ತೂಕಡಿಸುವ ಅಜ್ಜಿ ಮತ್ತು ಪ್ರಸಂಗ

ಎಂಜಿನಿಯರಿಂಗ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಕೋಡಿಂಗ್ ಬಿಟ್ಟು ಪಾಸ್ಟರ್ ಆದ. ಈಗ ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿದ್ದಾನೆ. ಮೊನ್ನೆ ಹೋದಾಗ, "ಪ್ರಸಂಗ ಹೇಗೆ ತಯಾರು ಮಾಡ್ತೀಯೋ?" ಅಂದೆ.

"ಮೊದಮೊದಲು ವಾರವೆಲ್ಲ ಓದಿ 40 ನಿಮಿಷ ಮಾತಾಡ್ತಿದ್ದೆ ಮಾರಾಯ. ಮುಂದಿನ ಬೆಂಚಿನ ಅಜ್ಜಿ ತೂಕಡಿಸ್ತಿದ್ರು. ಎಚ್ಚರವಾಗಿರಬೇಕು ಅಂತ ಒಂದು ಭಾನುವಾರ ಗದರಿಯೇ ಬಿಟ್ಟೆ. ಆಮೇಲೆ ಅವರ ಮನೆಗೆ ಹೋದಾಗ ಗೊತ್ತಾಯ್ತು, ಮಗ ತೀರಿಕೊಂಡಾಗಿಂದ ರಾತ್ರಿ ನಿದ್ದೇನೇ ಇಲ್ವಂತೆ..."

ಈಗ ಶನಿವಾರ ನಾಲ್ಕು ಮನೆಗೆ ಹೋಗಿ ಸುಮ್ಮನೆ ಕೂತು ಬರುತ್ತಾನೆ. ಭಾನುವಾರ ಹದಿನೈದೇ ನಿಮಿಷ, ಒಂದೇ ವಿಷಯ. ಮನೆಗಳಲ್ಲಿ ಕೇಳಿದ್ದನ್ನು ಮಾತ್ರ ಎಲ್ಲರ ಮುಂದೆ ಆಡುವುದಿಲ್ಲ. ಯಾರು ಬಂದಿಲ್ಲವೋ ಸಂಜೆ ಅವರ ಮನೆಗೆ.

ನನಗೆ ಕಿಟ್ಟೆಲ್ ನೆನಪಾದರು. 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ. ಕ್ರಿಸ್ತನ ಕಥೆ ಹೇಳಲು ನಮ್ಮ ಛಂದಸ್ಸನ್ನೇ ಕಲಿತು 1862ರಲ್ಲಿ 'ಕಥಾಮಾಲೆ' ಬರೆದರು. ನಿಘಂಟು ಬಂದದ್ದು 1894ರಲ್ಲಿ. ಹೇಳಲು ಬಂದವರು ಕೇಳಿಸಿಕೊಳ್ಳುವುದರಲ್ಲೇ ಆಯಸ್ಸು ಸವೆಸಿದರು!

ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನನ್ನ ಟೀಮಿನ ಹುಡುಗನ ಅಪ್ಪನಿಗೆ ಹುಷಾರಿಲ್ಲ ಅಂತ ನನಗೆ ಗೊತ್ತಾಗಿದ್ದು ಅವನು ರಾಜೀನಾಮೆ ಕೊಟ್ಟ ದಿನ. ಬೆಳಗಿನ ಮೀಟಿಂಗ್ ಮಾತ್ರ ನಾನು ಒಂದು ದಿನವೂ ತಪ್ಪಿಸಿರಲಿಲ್ಲ...