ಫೋನಿನ ಕಾವಲುಗಾರ

ಫೋನು ತೆಳ್ಳಗಿದೆ ಅಂತ ಜಾಸ್ತಿ ದುಡ್ಡು ಕೊಡುತ್ತೇವೆ. ಆಮೇಲೆ ಕವರು ಹಾಕಿಸಿ ಅದನ್ನು ದಪ್ಪಗೆ ಮಾಡಿಸಿಕೊಳ್ಳಲು ಮತ್ತೆ ದುಡ್ಡು ಕೊಡುತ್ತೇವೆ. ನನ್ನ ಹೊಸ ಫೋನಿಗೂ ಈ ಸಂಸ್ಕಾರ ಆಗಿದೆ. ಬೆನ್ನಿಗೆ ರಬ್ಬರ್ ಕವರು, ಮುಖಕ್ಕೆ ಟೆಂಪರ್ಡ್ ಗ್ಲಾಸು. ಮೇಜಿನ ತುದಿಯಲ್ಲಿಟ್ಟರೆ ಸಾಕು, ಮನೆಯವರೆಲ್ಲ ಒಟ್ಟಿಗೆ ಕೂಗುತ್ತಾರೆ.

ನಾನು ಬೆಳೆದ ಮನೆಯಲ್ಲಿದ್ದದ್ದು ಕರಿ ಫೋನು. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯ ಮಾಲು; ಆ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಅದು ಒಮ್ಮೆ ಸ್ಟೂಲಿನಿಂದ ಬಿದ್ದಾಗ ಅಪ್ಪ ಬಗ್ಗಿ ನೋಡಿದ್ದು ಗಾರೆ ನೆಲವನ್ನು, ಫೋನನ್ನಲ್ಲ. ಬಿಲ್ಲಿಗೆ ಹೆದರಿ ಡಯಲ್ಲಿನ ತೂತಿಗೊಂದು ಪುಟ್ಟ ಬೀಗ ಬೇರೆ ಹಾಕಿಟ್ಟಿದ್ದರು. ಅಣ್ಣ ಬೀಗದ ತಂಟೆಗೇ ಹೋಗುತ್ತಿರಲಿಲ್ಲ. ರಿಸೀವರ್ ಕೂರುವ ಗುಂಡಿಯನ್ನು ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ ಟಕಟಕ ತಟ್ಟಿ ಗೆಳೆಯನ ಮನೆಗೆ ಹಚ್ಚುತ್ತಿದ್ದ. ಡಯಲ್ಲು ತಿರುಗಿ ವಾಪಸು ಬರುವಾಗ ಮಾಡುತ್ತಿದ್ದದ್ದೂ ಅದನ್ನೇ, ಅಂಕಿಗೆ ತಕ್ಕಷ್ಟು ಸಲ ಲೈನು ಕಡಿದು ಕೂಡಿಸುವ ಕೆಲಸ. ಕರೆಂಟು ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಹಾಗಾಗಿ ಊರೆಲ್ಲ ಕತ್ತಲಾದರೂ ಫೋನು ಗಂಟಲು ಹರಿದುಕೊಳ್ಳುತ್ತಿತ್ತು.

ಅಷ್ಟು ಗಟ್ಟಿ ಯಾಕಿತ್ತು ಅಂದರೆ ಅದು ನಮ್ಮದಾಗಿರಲಿಲ್ಲ. ಇಲಾಖೆಯದು; ನಾವು ಬಾಡಿಗೆ ಕಟ್ಟುತ್ತಿದ್ದೆವು, ಕೆಟ್ಟರೆ ಲೈನ್‌ಮನ್ ಬರುತ್ತಿದ್ದ. ರಿಪೇರಿ ಖರ್ಚು ಯಾರ ತಲೆಗೆ ಬೀಳುತ್ತದೋ ಅವರಿಗೇ ಮಾಲು ಬಾಳಿಕೆ ಬರಲಿ ಅನ್ನಿಸುವುದು. ಈಗ ಖರ್ಚು ನನ್ನ ತಲೆಗೆ, ಕಾವಲೂ ನನ್ನ ಪಾಲಿಗೆ.

ಹಾಗಂತ ಈಗಿನ ಫೋನಿನ ಗಾಜನ್ನು ಹಗುರವಾಗಿ ಕಾಣಲಾರೆ. ಅಮೆರಿಕದ ಕಾರ್ನಿಂಗ್ ಕಂಪನಿ 1960ರ ದಶಕದಲ್ಲೇ ಕೆಮ್‌ಕೋರ್ ಎಂಬ ಗಟ್ಟಿ ಗಾಜು ಮಾಡಿ, ಗಿರಾಕಿಗಳು ಸಾಲದೆ ಬದಿಗಿಟ್ಟಿತ್ತು. ಆ ವಿದ್ಯೆಗೆ ಮರುಹುಟ್ಟು ಸಿಕ್ಕಿದ್ದು 2007ರಲ್ಲಿ, ಐಫೋನ್ ಬಂದಾಗ. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಗಾಜಿನ ಮೈಯಿಂದ ಸಣ್ಣ ಸೋಡಿಯಂ ಅಯಾನುಗಳು ಎದ್ದು ಹೋಗಿ, ಆ ಜಾಗಕ್ಕೆ ದಪ್ಪ ಪೊಟ್ಯಾಸಿಯಂ ಅಯಾನುಗಳು ಬರುತ್ತವೆ. ಇಬ್ಬರ ಬಸ್ ಸೀಟಿನಲ್ಲಿ ಮೂವರು ಕೂತ ಹಾಗೆ ಮೇಲ್ಪದರ ಒತ್ತೊತ್ತಾಗಿ, ಬಿರುಕು ಸುಲಭಕ್ಕೆ ಬಾಯಿ ಬಿಡುವುದಿಲ್ಲ.

“ಬೀಗದಕೈ ಇರೋ ಜೇಬಿಗೇ ಫೋನ್ ಹಾಕ್ತೀರಲ್ರೀ” ಎಂದು ಹೆಂಡತಿಯ ಆಕ್ಷೇಪಣೆ. ಪಾಪ, ಬೀಗದಕೈಯ ಹಿತ್ತಾಳೆ ಗಾಜಿಗಿಂತ ಮೆದು. ಗೀರುವುದು ಜೇಬಿನ ತಳದಲ್ಲಿ ಸೇರಿಕೊಂಡ ಮರಳು. ಅದರಲ್ಲಿರುವ ಕ್ವಾರ್ಟ್ಜ್ ಗಡಸುತನದ ಮೋಹ್ಸ್ ಪಟ್ಟಿಯಲ್ಲಿ 7ಕ್ಕೆ ನಿಲ್ಲುತ್ತದೆ, ಗಾಜು ಅದಕ್ಕಿಂತ ಕೆಳಗೆ. ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ದಿನಾ ಓಡಾಡುವವನು ಹೆದರಬೇಕಾದದ್ದು ಆ ಧೂಳಿಗೆ. ಇದನ್ನು ವಿವರಿಸಿದೆ. ಬೀಗದಕೈ ಈಗ ಇನ್ನೊಂದು ಜೇಬಿನಲ್ಲಿದೆ.

ಇಷ್ಟೆಲ್ಲ ಕಾದರೂ ಹಿಂದಿನ ಫೋನನ್ನು ಉಳಿಸಿಕೊಳ್ಳಲಾಗಲಿಲ್ಲ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಚಾರ್ಜಿಂಗ್ ತೂತಿನಲ್ಲಿ ಕಟ್ಟಿಕೊಂಡ ಜೇಬಿನ ಜುಂಗನ್ನು ಹಲ್ಲುಕಡ್ಡಿಯಲ್ಲಿ ಕೆದಕಿ ತೆಗೆದರೆ ಮತ್ತೆ ಹೊಸದರ ಹಾಗೆ ಚಾರ್ಜ್ ಆಗುತ್ತಿತ್ತು. ಆದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿತು. ಸ್ವಲ್ಪ ದಿನಕ್ಕೆ ಬ್ಯಾಂಕಿನ ಆ್ಯಪು ಈ ಫೋನಿನಲ್ಲಿ ಇನ್ನು ನಡೆಯೆನೆಂದು ಕೂತಿತು. ಕೈಜಾರಿ ಒಡೆದಿದ್ದರೆ ನನ್ನನ್ನಾದರೂ ಬೈದುಕೊಳ್ಳಬಹುದಿತ್ತು.

ಅದಕ್ಕೇ ಈ ಸಲ ಅಂಗಡಿಯಲ್ಲಿ ಕೇಳಿಯೇಬಿಟ್ಟೆ. ಹುಡುಗ ಅದುವರೆಗೆ ಮೆಗಾಪಿಕ್ಸೆಲ್ಲು, ರ‍್ಯಾಮು, ನೀರು-ಧೂಳಿನ ಐಪಿ68 ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ್ದ. “ಎಲ್ಲಾ ಸರಿ ಕಣಪ್ಪಾ, ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ?” ಅವನು ಟೆಂಪರ್ಡ್ ಗ್ಲಾಸಿನ ಗುಳ್ಳೆಗಳನ್ನು ಕಾರ್ಡಿನಿಂದ ಅಂಚಿಗೆ ತಳ್ಳುತ್ತಾ, ತಲೆ ಎತ್ತದೆಯೇ ಹೇಳಿದ: “ಅಷ್ಟೊತ್ತಿಗೆ ನೀವೇ ಚೇಂಜ್ ಮಾಡಿರ್ತೀರ ಬಿಡಿ ಸಾರ್.”