ಮೀನು ಕೊನೇಲಿ ಬರಲಿ

ಉಪ್ಪುನೀರಿನ ತೊಟ್ಟಿ ಸರಣಿ, ಭಾಗ 3: ಯಾವ ಸಾಮಾನು ಮೊದಲು?

ಹೋದ ಭಾಗ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಯಾವ ಲೈಟ್ ತಗೊಳ್ಳಲಿ?" ಫೋಟೋದಲ್ಲಿ ಎದ್ದು ಕಾಣೋದು ಲೈಟೇ, ಅದಕ್ಕೇ ಕೇಳ್ತೀರ. ಆದರೆ ಹಿರೇಗುಂಟನೂರಲ್ಲಿ ಕೂತು ಸಮುದ್ರದ ಮೀನು ಸಾಕ್ತೀನಿ ಅನ್ನೋರಿಗೆ ಲೈಟು ಪಟ್ಟಿಯ ಕೊನೇಲಿರಬೇಕು. ನಮಗೆ ಮೊದಲು ಬೇಕಾಗಿರೋದು ಒಳ್ಳೆ ನೀರು, ನಿಲ್ಲದ ಕರೆಂಟು, ತಂಪು. ಮೂರೂ ನಮ್ಮ ಕಡೆ ಸುಲಭಕ್ಕೆ ಸಿಗಲ್ಲ. ದುಡ್ಡು ಮೊದಲು ಹೋಗಬೇಕಾದ್ದೂ ಅಲ್ಲಿಗೇ.

1. ತೊಟ್ಟಿ

ಹೊಸಬರು ಚಿಕ್ಕದು ಸುಲಭ ಅಂದ್ಕೋತಾರೆ. ನಿಜ ಅದರ ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಉಪ್ಪು, ಬಿಸಿ, ಕೊಳೆ ಎಲ್ಲಾ ಬೇಗ ಏರುಪೇರಾಗುತ್ತೆ. ನಾನು ಆರಿಸಿದ್ದು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು ಜೋಡಿಸಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನೀರು 160 ಲೀಟರ್ ಹಿಡಿಯುತ್ತೆ. ಗಾಜು, ಕಲ್ಲು, ನೀರು ಸೇರಿ ಎರಡು ಕ್ವಿಂಟಾಲ್ ದಾಟುತ್ತೆ, ಅದಕ್ಕೇ ಹಳೇ ಟಿವಿ ಟೇಬಲ್ ಮೇಲೆ ಇಡೋ ಯೋಚನೆ ಬಿಡಿ. ಗಾರೆಯವರ ಹತ್ರ ರಸಮಟ್ಟ ಇಸ್ಕೊಂಡು ನೆಲ ನೋಡಿ. ಬರೀ ಕಬ್ಬಿಣದ ಸ್ಟ್ಯಾಂಡ್ ಉಪ್ಪುನೀರಿಗೆ ತುಕ್ಕು ಹಿಡಿಯುತ್ತೆ, ಬಣ್ಣ ಗಟ್ಟಿಯಾಗಿ ಹೊಡೆಸಿ. ತಾಮ್ರ, ಹಿತ್ತಾಳೆಯ ಯಾವ ಸಾಮಾನೂ ನೀರಿಗೆ ತಾಗಬಾರದು.

2. ನೀರು

ನಮ್ಮ ಬೋರ್‌ವೆಲ್ ನೀರು ಗಡಸು. ಜಿಲ್ಲೆಯ ಎಷ್ಟೋ ಊರಲ್ಲಿ ಫ್ಲೋರೈಡೂ ಇದೆ. ಅದನ್ನೇ ತುಂಬಿ ಉಪ್ಪು ಹಾಕಿದರೆ ಸಮುದ್ರ ಆಗಲ್ಲ. ಅದಕ್ಕೆ ನಾನು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನಲ್ಲಿ ತಂದೆ. ಎಂಟು ಕ್ಯಾನ್. ಮೊದಲು ಒಂದು ಟಿಡಿಎಸ್ ಮೀಟರ್ ತಗೊಳ್ಳಿ, ಪೆನ್ನಿನ ಥರ ಇರುತ್ತೆ. ನಾನು ಅಳೆದ ದಿನ ಘಟಕದ ನೀರು 42 ತೋರಿಸ್ತು. ಮೀನು ಮಾತ್ರ ಸಾಕೋರಿಗೆ ಅಷ್ಟು ನಡೆಯುತ್ತೆ. ಸೊನ್ನೆಗೆ ಇಳಿಸಬೇಕು ಅಂದ್ರೆ ಡಿಐ ರೆಸಿನ್ ತುಂಬಿದ ಫಿಲ್ಟರ್ ಬೇಕು.

ಮೂರನೇ ಕ್ಯಾನ್ ತರುವಾಗ ಅವ್ವ ಕೇಳಿದ್ಳು, "ಜನಕ್ಕೇ ನೀರಿಲ್ಲ ಅಂತ ಪಾಳಿ ನಿಲ್ತೀವಿ, ನಿನ್ನ ಮೀನಿಗೆ ಎಂಟು ಕ್ಯಾನಾ?" ಉತ್ತರ ಕೊಡೋಕೆ ಎರಡು ದಿನ ಬೇಕಾಯ್ತು. ಆಮೇಲೆ ಒಂದು ಒಪ್ಪಂದ ಆಯ್ತು: ದಿನಕ್ಕೊಂದೇ ಕ್ಯಾನ್, ಸಾಲಲ್ಲಿ ಯಾರೂ ಇಲ್ಲದ ಹೊತ್ತಲ್ಲಿ, ಅದೂ ಮಳೆಗಾಲದಲ್ಲಿ. ನಿಮ್ಮ ಮನೆಗೆ ಬೇಸಿಗೇಲಿ ಟ್ಯಾಂಕರ್ ಬರುತ್ತೆ ಅಂದ್ರೆ, ಬೇಜಾರಾಗಬೇಡಿ, ಈ ಹವ್ಯಾಸ ಈಗ ಬೇಡ. ಗಪ್ಪಿ ಸಾಕಿ. ಅದರ ಹಳೇ ನೀರು ಗಿಡಕ್ಕಾದ್ರೂ ಆಗುತ್ತೆ. ಉಪ್ಪುನೀರನ್ನ ಗಿಡಕ್ಕೂ ಹಾಕೋ ಹಾಗಿಲ್ಲ, ಹೊಲಕ್ಕೂ ಬಿಡೋ ಹಾಗಿಲ್ಲ.

3. ಉಪ್ಪು

ಅಡುಗೆ ಉಪ್ಪು ಅಲ್ಲ. ಸಮುದ್ರದ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಇರುತ್ತೆ, ಅದಕ್ಕೆ ಅಕ್ವೇರಿಯಂಗೆ ಅಂತಲೇ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣ ಬೇಕು. ಲೀಟರಿಗೆ ಸುಮಾರು 35 ಗ್ರಾಂ. ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ. ಸಾಂದ್ರತೆ 1.025ರ ಆಸುಪಾಸು ನಿಲ್ಲಬೇಕು. ಮುಳ್ಳು ತಿರುಗೋ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತೆ. ಒಂದು ಮಾತು ಬರೆದಿಟ್ಕೊಳ್ಳಿ: ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಹಾಗಾಗಿ ಕಡಿಮೆಯಾದಾಗ ಮೇಲೆ ತುಂಬಬೇಕಾದ್ದು ಸಿಹಿನೀರು.

4. ಕರೆಂಟು

ಸಾಮಾನ್ಯ ತೊಟ್ಟಿಗೆ ಫಿಲ್ಟರ್ ಪಂಪು, ನೀರು ಅಲುಗಾಡಿಸೋ ವೇವ್‌ಮೇಕರ್ ಸೇರಿ 20 ವ್ಯಾಟ್ ಅಂತ ಇಟ್ಕೊಳ್ಳಿ. ದಿನದ 24 ಗಂಟೆ ಓಡಿದರೆ ತಿಂಗಳಿಗೆ 14.4 ಯೂನಿಟ್. 20 ವ್ಯಾಟ್‌ನ ಎಲ್‌ಇಡಿ ದಿನಕ್ಕೆ 8 ಗಂಟೆ ಅಂದ್ರೆ ಇನ್ನೂ 4.8. ಒಟ್ಟು 19 ಯೂನಿಟ್ ಚಿಲ್ಲರೆ. ಮನೇಲಿ ಗೃಹಜ್ಯೋತಿ ಇದ್ರೆ ನಿಮ್ಮ ಬಿಲ್ಲಲ್ಲಿ ಅರ್ಹ ಯೂನಿಟ್ ಎಷ್ಟಿದೆ ನೋಡಿ. ಅದು 2022-23ರ ಸರಾಸರಿ ಹಿಡಿದು ಕೊಟ್ಟ ಲೆಕ್ಕ, ಆವಾಗ ನಿಮ್ಮ ಮನೇಲಿ ತೊಟ್ಟಿ ಇರಲಿಲ್ಲ. ಅದಕ್ಕಿಂತ ಮೇಲೆ ಉರಿದಿದ್ದಕ್ಕೆ ದುಡ್ಡು ಕಟ್ಟಬೇಕು. ಅಪ್ಪನಿಗೆ ಬಿಲ್ ಬರೋಕೆ ಮುಂಚೆ ನೀವೇ ಹೇಳಿಬಿಡಿ.

ಇನ್ನು ಕರೆಂಟು ಹೋದಾಗ. ನೀರು ನಿಂತರೆ ಆಮ್ಲಜನಕ ಕಡಿಮೆಯಾಗ್ತಾ ಹೋಗುತ್ತೆ. ಬಿಸಿಯಾದ ಉಪ್ಪುನೀರಲ್ಲಿ ಅದು ಮೊದಲೇ ಕಡಿಮೆ. ಕರೆಂಟು ಹೋದ ತಕ್ಷಣ ತಾನೇ ಶುರುವಾಗೋ ಬ್ಯಾಟರಿ ಏರ್ ಪಂಪ್ ತಗೊಳ್ಳಿ. ಮನೇಲಿ ಯುಪಿಎಸ್ ಇದ್ರೆ ವೇವ್‌ಮೇಕರ್ ಒಂದನ್ನ ಅದಕ್ಕೆ ಕೊಡಿ, ಸಾಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಹೋಗೋ ಹಾಗಿರಲಿ, ಹನಿ ನೀರು ಪ್ಲಗ್ಗಿಗೆ ಇಳಿಯಲ್ಲ. ಇಎಲ್‌ಸಿಬಿ ಇಲ್ಲದ ಮನೇಲಿ ಉಪ್ಪುನೀರಿಗೆ ಕೈ ಹಾಕಬೇಡಿ.

5. ಬಿಸಿಲು

ಮೀನಿಗೆ 25-27 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ದುರ್ಗದ ಬಿಸಿಲು ಗೊತ್ತಲ್ಲ? ಚಿಲ್ಲರ್ ನಮ್ಮ ಕೈಗೆಟುಕಲ್ಲ. ನೀರಿನ ಮೇಲೆ ಬೀಸೋ ಚಿಕ್ಕ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸುತ್ತೆ, ಆದರೆ ಅಷ್ಟೇ ನೀರೂ ಕುಡಿಯುತ್ತೆ. ಅದಕ್ಕೇ ಜಾಗ ಮುಖ್ಯ: ಪಡುವಣ ಗೋಡೆ ಬೇಡ, ಕಿಟಕಿ ಪಕ್ಕ ಬೇಡ, ಶೀಟಿನ ಕೆಳಗಂತೂ ಬೇಡವೇ ಬೇಡ. ಡಿಸೆಂಬರ್ ರಾತ್ರಿಗೆ ಥರ್ಮೋಸ್ಟ್ಯಾಟ್ ಇರೋ ಹೀಟರ್ ಬೇಕು. ಅದನ್ನ ಆಮೇಲೆ ತಗೊಂಡರೂ ನಡೆಯುತ್ತೆ.

6. ಕಾಯಬಹುದಾದ್ದು, ಕೊಳ್ಳಲೇಬಾರದ್ದು

ಪ್ರೋಟೀನ್ ಸ್ಕಿಮ್ಮರ್ ಒಳ್ಳೇದೇ. ಆದರೆ ಎರಡೇ ಮೀನು, ವಾರವಾರ ನೀರು ಬದಲಾವಣೆ ಅಂದ್ರೆ ಮೊದಲ ವರ್ಷ ಅದಿಲ್ಲದೆ ನಡೆಯುತ್ತೆ. ಹವಳ ಇಲ್ಲದ ತೊಟ್ಟಿಗೆ ಸಾದಾ ಎಲ್‌ಇಡಿ ಸಾಕು. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡೋ ಟೆಸ್ಟ್ ಕಿಟ್ ಮಾತ್ರ ಮೊದಲ ದಿನದಿಂದ ಇರಲಿ. ಇನ್ನು, ಸಮುದ್ರದಿಂದ ಕಿತ್ತ ಹವಳ, ಸಮುದ್ರಕುದುರೆ ಯಾರಾದ್ರೂ ಕೊಡ್ತೀನಿ ಅಂದ್ರೆ ಬ್ಲಾಕ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ್ನ ಕಾಪಾಡುತ್ತೆ. ಸೆರಾಮಿಕ್ ಕಲ್ಲು ಸಾಕು. ನೀಮೋ ಅಂತೀವಲ್ಲ, ಆ ಕ್ಲೌನ್ ಫಿಶ್‌ನ ಹ್ಯಾಚರಿಯಲ್ಲೇ ಮರಿ ಮಾಡಿಸೋ ವಿಧಾನವನ್ನ ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ರೂಪಿಸಿದೆ. ಹ್ಯಾಚರಿ ಮರಿ ಅಂತ ಕೇಳಿಯೇ ತಗೊಳ್ಳಿ.

7. ಬಿಕಾಂ ಲೆಕ್ಕ

ಮೊದಲ ಸಲ ತುಂಬೋಕೆ ಉಪ್ಪು ಸುಮಾರು 6 ಕೆಜಿ. ಆಮೇಲೆ ವಾರಕ್ಕೆ 10% ನೀರು ಬದಲಾಯಿಸಿದರೆ 16 ಲೀಟರ್, ಅಂದ್ರೆ 600 ಗ್ರಾಂ. 52 ವಾರಕ್ಕೆ 31 ಕೆಜಿ ಮೇಲೆ! ಸ್ಥಿರ ವೆಚ್ಚ ನೋಡಿ ಹೆದರೋರು, ಬದಲಾಗೋ ವೆಚ್ಚ ನೋಡದೆ ಧುಮುಕೋರು, ನಮ್ಮ ಕ್ಲಾಸಲ್ಲೇ ಎಷ್ಟು ಜನ ಇಲ್ಲ? ನನ್ನ ನಿಯಮ ಇಷ್ಟೇ: ಕೈಯಲ್ಲಿರೋ ದುಡ್ಡಲ್ಲಿ ಅರ್ಧ ಮಾತ್ರ ಸಾಮಾನಿಗೆ, ಉಳಿದರ್ಧ ಒಂದು ವರ್ಷದ ಉಪ್ಪು, ಆಹಾರ, ಕರೆಂಟಿಗೆ. ಅರ್ಧದಲ್ಲಿ ಸಾಮಾನು ಬರಲ್ಲ ಅಂದ್ರೆ ಇನ್ನೂ ಕೂಡಿಡಿ. ನಾನು ಕೂಡಿಟ್ಟದ್ದು ಸ್ಕಾಲರ್‌ಶಿಪ್ಪು, ಜೊತೆಗೆ ರಜೇಲಿ ಜೆರಾಕ್ಸ್ ಅಂಗಡೀಲಿ ದುಡಿದದ್ದು.

ನನ್ನ ತೊಟ್ಟೀಲಿ ಇವತ್ತಿಗೂ ಮೀನಿಲ್ಲ. ಕೊಳೆ ತಿನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಇದು ಐದನೇ ವಾರ. ಅಮೋನಿಯಾ ಸೊನ್ನೆಗಿಳಿದಿದೆ, ನೈಟ್ರೈಟ್ ಇನ್ನೂ ಇಳೀಬೇಕು. ಮನೆಗೆ ಬಂದೋರೆಲ್ಲ ಖಾಲಿ ನೀರು ನೋಡಿ ನಗ್ತಾರೆ. ನಗಲಿ. ಆ ಎಂಟು ಕ್ಯಾನ್ ನೀರು ವ್ಯರ್ಥ ಆಗಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದೀನಿ.

ನಿಮ್ಮ ಬಜೆಟ್ಟು, ನೀರಿನ ಟಿಡಿಎಸ್ಸು ಕಾಮೆಂಟಲ್ಲಿ ಹಾಕಿ, ಕೂತು ಲೆಕ್ಕ ಹಾಕೋಣ. ತೊಟ್ಟಿ ಆಸೆ ಇರೋ ಗೆಳೆಯರಿಗೆ ಇದನ್ನ ಕಳಿಸಿ, ಅವರು ಲೈಟ್ ಆರ್ಡರ್ ಮಾಡೋಕೆ ಮುಂಚೆ.

#ಉಪ್ಪುನೀರಿನತೊಟ್ಟಿ #ಹಿರೇಗುಂಟನೂರು #ಚಿತ್ರದುರ್ಗ #ಬಿಕಾಂಲೆಕ್ಕ